ಅಂಗಡಿ ಅಕ್ಕನ ಹಸಿರು ಪೆನ್ನುಗಳು

ಮೊನ್ನೆ ನಮ್ಮ ಶಾಲೆಗೆ ಯಾರೋ ಪುಣ್ಯಾತ್ಮರು ಒಂದು ದೊಡ್ಡ ಡಬ್ಬಿ ಮಾರ್ಕರ್ ಪೆನ್ನು ಕೊಟ್ಟು ಹೋದರು. ಎರಡೂ ತುದಿಯಲ್ಲಿ ಮೊನೆ ಇರುವ ಜಾತಿ. ಮಕ್ಕಳು ಮುಗಿಬೀಳುವ ಮೊದಲು ನಾನೇ ಒಂದರ ಮುಚ್ಚಳ ತೆಗೆದು ನೋಡಿದೆ. ಸ್ಪಿರಿಟ್ಟಿನ ವಾಸನೆ ಮೂಗಿಗೆ ಹೊಡೆಯಿತು. ಸೂಜಿ ಚುಚ್ಚುವ ಮೊದಲು ನರ್ಸಮ್ಮ ತೋಳಿಗೆ ಹತ್ತಿ ಒರೆಸುತ್ತಾರಲ್ಲ, ಹೆಚ್ಚುಕಮ್ಮಿ ಅದೇ ವಾಸನೆ. ಇಷ್ಟು ವರ್ಷ ಟೀಚರಾಗಿರುವ ನನಗೆ ಬಣ್ಣದ ಪೆನ್ನೇನು ಹೊಸದಲ್ಲ. ಆದರೆ ಆ ಡಬ್ಬಿಯಲ್ಲಿ ಹಸಿರೇ ಒಂದು ಸಾಲು ಇತ್ತು, ತಿಳಿಹಸಿರಿನಿಂದ ಹಿಡಿದು ಕಪ್ಪಿಗೆ ತಿರುಗುವ ಹಸಿರಿನವರೆಗೆ, ಯಾರೋ ಕೂತು ಜೋಡಿಸಿದ ಹಾಗೆ... ಡಬ್ಬಿ ಮುಚ್ಚಿ ಬೀರುವಿನಲ್ಲಿಟ್ಟೆ. "ಕೊಡಿ ಮಿಸ್, ಕೊಡಿ ಮಿಸ್" ಅಂತ ಮಕ್ಕಳು ಗೋಗರೆದವು. ನಾಳೆ ಅಂದೆ. ಹಾಗೆ ಜೋಡಿಸಿದ ಹಸಿರು ಕಂಡರೆ ಅಂಗಡಿ ಅಕ್ಕ ನೆನಪಾಗುತ್ತಾಳೆ. ಅವಳು ನೆನಪಾದ ದಿನ ನನಗೆ ಊಟ ಸೇರುವುದಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಚಿಕ್ಕಮಗಳೂರಿನಲ್ಲಿ ಟೀಚರಾಗಲು ಟಿ.ಸಿ.ಎಚ್. ಓದುತ್ತಿದ್ದೆ. ಸಂಜೆ ಆಲ್ದೂರಿನಲ್ಲಿ ಇಳಿದು ನಮ್ಮೂರಿನ ಕಡೆಯ ಬಸ್ಸಿಗೆ ಕಾಯಬೇಕು. ಆ ಬಸ್ಸೋ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಸ್ ಸ್ಟ್ಯಾಂಡಿನ ಎದುರಿಗೇ ಒಂದು ಪುಸ್ತಕದಂಗಡಿ ಇತ್ತು. ಬರೆಯುವ ಪಟ್ಟಿ, ಪೆನ್ನು, ಚಾರ್ಟ್ ಶೀಟು, ಒಂದಿಷ್ಟು ಬಳೆ, ಪಿನ್ನು. ಅಂಗಡಿಯ ಯಜಮಾನ ಕಾಫಿ ವ್ಯಾಪಾರ ಅಂತ ಊರೂರು ತಿರುಗುತ್ತಿದ್ದ. ಗಲ್ಲಾದಲ್ಲಿ ಕೂರುತ್ತಿದ್ದವಳು ಅವನ ತಂಗಿ. ಊರಿಗೆಲ್ಲ ಅವಳು ಅಂಗಡಿ ಅಕ್ಕ. ನಾನು ಮೊದಮೊದಲು ನೀವು ಅನ್ನುತ್ತಿದ್ದೆ. "ಎಂತಕ್ಕೇ ನೀವು, ನೀವು ಅಂತೀಯೆ? ನಾನೇನು ನಿಮ್ಮ ಹೆಡ್‌ಮೇಡಮ್ಮಾ?" ಅಂತ ಬೈದು ನೀನು ಅನ್ನಿಸಿದಳು.

ಅವಳಿಗೆ ಆಗಲೇ ಮೂವತ್ತು ದಾಟಿತ್ತು. ಮದುವೆ ಆಗಿರಲಿಲ್ಲ. ಆ ಮಾತು ಬೇರೆಯವರ ಬಾಯಲ್ಲಿ ಬರುವ ಮೊದಲೇ ಅವಳೇ ಎತ್ತಿ, ಅವಳೇ ನಕ್ಕುಬಿಡುತ್ತಿದ್ದಳು. ಅಂಗಡಿಗೆ ಅಂಟಿಕೊಂಡೇ ಹಿಂದೆ ಮನೆ. ಅತ್ತಿಗೆ ಕೂಗಿದಾಗ ಒಳಗೆ ಹೋಗಿ ಒಂದು ಸೌಟು ತಿರುವಿ ಬಂದು ಮತ್ತೆ ಕೂರುವಳು.

ನಮಗೆ ಪಾಠ ಮಾಡಲು ಚಾರ್ಟ್ ಬರೆಯಬೇಕಿತ್ತು. ನಾನು ಬರೆದ ಮೊದಲನೇ ಚಾರ್ಟು 'ಎಲೆಯ ಭಾಗಗಳು'. ಪ್ಯಾಕೆಟ್ಟಿನಲ್ಲಿ ಬಂದ ಹಸಿರು ಸ್ಕೆಚ್ ಪೆನ್ನನ್ನೇ ಎಲೆ ತುಂಬ ಉಜ್ಜಿ ಗರ್ವದಿಂದ ಅಕ್ಕನ ಮುಂದೆ ಬಿಚ್ಚಿದೆ. ಅವಳು ಸ್ವಲ್ಪ ಹೊತ್ತು ನೋಡಿದಳು.

"ಎಂತದೇ ಇದು ಮಾರಾಯ್ತಿ? ಎಲೆಯಾ, ಪ್ಲಾಸ್ಟಿಕ್ ಬಕೆಟ್ಟಾ?"

ನನಗೆ ಸಿಟ್ಟು ಬಂತು. ಎಲೆ ಹಸಿರಲ್ಲದೆ ಇನ್ನೇನು ಅಂದೆ. ಅವಳು ಎದ್ದು ಹೋಗಿ ಹಿತ್ತಲಿನ ಕಾಫಿ ಗಿಡದಿಂದ ಒಂದು ಎಲೆ, ಬೇಲಿಯ ಹಾಲವಾಣದ ಮರದಿಂದ ಒಂದು ಎಲೆ ಕಿತ್ತು ತಂದು ಪಕ್ಕಪಕ್ಕ ಇಟ್ಟಳು. ಎರಡೂ ಹಸಿರೇ, ಆದರೆ ಒಂದಕ್ಕೊಂದು ಸಂಬಂಧವೇ ಇಲ್ಲ. ಅವತ್ತಿನಿಂದ ನನಗೆ ಪಾಠ ಶುರುವಾಯಿತು. ಬೆಳಕು ಬೀಳುವ ಕಡೆ ಮೊದಲು ಹಳದಿ. ಅದರ ಮೇಲೆ ಗಿಳಿ ಹಸಿರು. ಅದು ಆರುವ ಮೊದಲೇ ನಡುನರದ ಪಕ್ಕ ಕಡು ಹಸಿರು, ಆಗ ಎರಡೂ ಒಂದರೊಳಗೊಂದು ಸೇರುತ್ತವೆ. ನೆರಳಿಗೆ ಕಪ್ಪು ಮುಟ್ಟಲೇಬಾರದು, ನೀಲಿಯ ಒಂದು ಎಳೆ ಸಾಕು. ಕಾಫಿ ಎಲೆಯ ಮೈ ಮಿರಿಮಿರಿ ಮಿಂಚುವುದರಿಂದ ಅಲ್ಲಲ್ಲಿ ಕಾಗದ ಬೆಳ್ಳಗೇ ಬಿಡಬೇಕು. ಹಾಲವಾಣಕ್ಕೆ ಆ ಮಿಂಚಿಲ್ಲ, ಅದಕ್ಕೆ ಹಳದಿ ಜಾಸ್ತಿ. ಇದನ್ನೆಲ್ಲ ಅವಳಿಗೆ ಯಾರೂ ಕಲಿಸಿರಲಿಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಎಲೆ ನೋಡಿ ನೋಡಿ ಬರೆದು ಕಲಿತಿದ್ದಳು. ಮಂಗಳೂರಿನಿಂದ ಬಿಡಿ ಮಾರ್ಕರ್ ತರಿಸಿ, ಹಸಿರುಗಳನ್ನು ಮಾತ್ರ ಮಾರದೆ ತನಗೇ ಇಟ್ಟುಕೊಂಡಿದ್ದಳು. ನಮ್ಮ ಕ್ಲಾಸಿನ ಹುಡುಗಿಯರೂ ನನ್ನ ಕೈಲಿ ಚಾರ್ಟ್ ಕೊಟ್ಟು ಅವಳಿಂದ ಎಲೆ ಬರೆಸಿಕೊಳ್ಳತೊಡಗಿದರು.

ಆ ಮಳೆಗಾಲ ಅವಳಿಗೆ ಕೆಮ್ಮು ಹಿಡಿಯಿತು. ಕಷಾಯಕ್ಕೂ ಬಗ್ಗಲಿಲ್ಲ, ಮೆಣಸು-ಬೆಲ್ಲಕ್ಕೂ ಬಗ್ಗಲಿಲ್ಲ. ಒಂದು ದಿನ ಅಂಗಡಿ ಮುಚ್ಚಿತ್ತು. ಹಲ್ಲು ನೋವಂತೆ, ಅಣ್ಣ ಹಾಸನಕ್ಕೆ ಕರೆದುಕೊಂಡು ಹೋಗಿದ್ದಾನೆ ಅಂದರು. ವಾರ ಕಳೆದು ಬಂದಾಗ ಅಕ್ಕ ಇಳಿದುಹೋಗಿದ್ದಳು. ಕೆಮ್ಮು ಮಾತ್ರ ಬರಬರುತ್ತಾ ನಿಂತಿತು. ಹಲ್ಲು ಕೀಳಿಸಿದರೆ ಕೆಮ್ಮು ಹೇಗೆ ನಿಲ್ಲುತ್ತದೆ ಅಂತ ಕೇಳುವ ಬುದ್ಧಿ ನನಗಿರಲಿಲ್ಲ. ಮೊದಲೆಲ್ಲ ಒಂದೇ ಲೋಟದ ಕಾಫಿಯನ್ನು ಇಬ್ಬರೂ ಹಂಚಿಕೊಳ್ಳುತ್ತಿದ್ದೆವು. ಈಗ ಅವಳ ಲೋಟ ಬೇರೆ. ಕುಡಿದ ಮೇಲೆ ತಾನೇ ತೊಳೆದು ಗಲ್ಲಾದ ಕೆಳಗೆ ಮಗುಚಿಡುತ್ತಿದ್ದಳು.

ಗೌರಿ ಹಬ್ಬ ಕಳೆದ ಮೇಲೆ ಅವಳಿಗೆ ಸಂಬಂಧ ಕುದುರಿತು. ಗಂಡು ಕಳಸದ ಕಡೆಯವನು, ಸ್ವಲ್ಪ ಕಾಫಿ ತೋಟ, ಮನೆಯಲ್ಲಿ ತಾಯಿ. ಕುಯ್ಲು ಮುಗಿಸಿಕೊಂಡು ಮದುವೆ ಅಂತ ಮಾತಾಯಿತು. ಆ ಮನುಷ್ಯ ಒಂದು ಸಂಜೆ ತಾನೊಬ್ಬನೇ ಅಂಗಡಿಗೆ ಬಂದು, ಜೇಬಿನಲ್ಲಿ ಎರಡು ಪೆನ್ನು ಸಿಕ್ಕಿಸಿಕೊಂಡೇ ಇನ್ನೊಂದು ಪೆನ್ನು ಕೊಂಡುಕೊಂಡ. ಎಲ್ಲಾ ಪೆನ್ನಿನಲ್ಲೂ ತನ್ನ ಹೆಸರು ಗೀಚಿ ಗೀಚಿ ನೋಡಿದ. ಅವನು ಹೋದ ಮೇಲೆ ಅಕ್ಕ ಆ ಕಾಗದ ತೋರಿಸಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ನೋಡೇ, ಹೆಸರು ಹೇಳೋ ಧೈರ್ಯ ಇಲ್ಲ ಅಂತ ಬರ್ದು ಹೋಗಿದ್ದಾರೆ!" ಅವಳನ್ನು ಅಷ್ಟು ಚೆಂದವಾಗಿ ನಾನು ಮತ್ತೆಂದೂ ನೋಡಲಿಲ್ಲ.

ಆಮೇಲೆ ಪಾಠದ ರೀತಿ ಬದಲಾಯಿತು. ನಾನು ಬಸ್ಸಿಳಿದು ಬಂದ ಕೂಡಲೇ ಅಕ್ಕ ಹಸಿರು ಪೆನ್ನುಗಳನ್ನು ಗಾಜಿನ ಮೇಲೆ ಸಾಲಾಗಿ ಜೋಡಿಸುವಳು, ತಿಳಿಯಿಂದ ಕಡುವಿಗೆ. ಒಂದು ಕಣ್ಣನ್ನು ಅಂಗೈಯಲ್ಲಿ ಮುಚ್ಚಿ ನೋಡುವಳು. ಆಮೇಲೆ ಇನ್ನೊಂದು ಕಣ್ಣು ಮುಚ್ಚಿ. "ಸರಿ ಉಂಟಾ ನೋಡು" ಅನ್ನುವಳು. ಚಿತ್ರ ಬರೆಯುವವರೆಲ್ಲ ಹೀಗೇ ನೋಡುತ್ತಾರೇನೋ ಅಂದುಕೊಂಡು ಮನೆಯಲ್ಲಿ ನಾನೂ ಒಂದು ಕಣ್ಣು ಮುಚ್ಚಿ ಅಭ್ಯಾಸ ಮಾಡಿದೆ. ಅಮ್ಮ "ಕಣ್ಣಿಗೆ ಎಂತ ಬಿತ್ತೇ?" ಅಂತ ಕೇಳಿದ್ದಳು.

ಕಾಫಿ ಕುಯ್ಲು ಶುರುವಾದ ಹೊತ್ತಿಗೆ, ಒಂದು ಸಂಜೆ ಆ ಹಸಿರಿನ ಸಾಲಿನ ನಡುವೆ ಒಂದು ಕಂದು ಪೆನ್ನು ಇತ್ತು. ನಾನು ನಕ್ಕುಬಿಟ್ಟೆ. "ನನ್ನ ಪರೀಕ್ಷೆ ಮಾಡ್ತಿಯಾ? ಇದು ಕಂದು" ಅಂದೆ. ಅಕ್ಕ ಪೆನ್ನನ್ನೂ ನನ್ನ ಮುಖವನ್ನೂ ನೋಡಿದಳು. ಆಮೇಲೆ ಅವಳೂ ನಕ್ಕಳು. "ಮತ್ತೆ? ನಿಂಗೆ ಬುದ್ಧಿ ಬಂದಿದೆಯಾ ಇಲ್ವಾ ಅಂತ ನೋಡ್ಬೇಕಲ್ಲ" ಅಂದಳು. ಅಂದವಳೇ ಆ ಪೆನ್ನನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

ಅಲ್ಲಿಂದ ಮುಂದೆ ಅವಳ ಎಲೆಗಳು ಕೆಡುತ್ತಾ ಹೋದವು. ನಮ್ಮ ಕ್ಲಾಸಿನ ಹುಡುಗಿಯೊಬ್ಬಳು ಮಾವಿನ ಎಲೆಯ ಚಾರ್ಟನ್ನು ವಾಪಸ್ ಕಳಿಸಿದಳು, ಎಲೆ ಒಣಗಿದ ಹಾಗೆ ಕಾಣುತ್ತದೆ ಅಂತ. ಇನ್ನೊಬ್ಬಳದು ಬೂದಿ ಬಣ್ಣಕ್ಕೆ ತಿರುಗಿತ್ತು. "ಪೆನ್ನು ಹಳೇದಾಯ್ತು, ಶಾಯಿ ಕೆಟ್ಟಿದೆ" ಅಂದಳು ಅಕ್ಕ. ನಾನೂ ನಂಬಿದೆ. ಆದರೆ ಪೆನ್ನಿನ ಕುತ್ತಿಗೆಗೆ ಅವಳು ಬೇರೆಬೇರೆ ದಾರ ಕಟ್ಟಿದ್ದು ಕಣ್ಣಿಗೆ ಬಿತ್ತು. ಒಂದಕ್ಕೆ ಒಂದು ಗಂಟು, ಇನ್ನೊಂದಕ್ಕೆ ಎರಡು. ಕೇಳಿದರೆ ಲೆಕ್ಕಕ್ಕೆ ಅಂದಳು. ಯಾಕೋ ಆ ಅಂಗಡಿಯೊಳಗೆ ಕೂರಲು ನನಗೆ ಒಂಥರಾ ಆಗತೊಡಗಿತು. ನಾನು ಹೇಳುವ ಒಂದೊಂದು ಬಣ್ಣವನ್ನೂ ಅವಳು, ಜಾತಕ ಓದುವವರ ಬಾಯಿ ನೋಡುವ ಹಾಗೆ, ನನ್ನ ಬಾಯಿ ನೋಡುತ್ತಾ ಕೇಳುತ್ತಿದ್ದಳು.

ಮದುವೆಗೆ ಇನ್ನೊಂದು ತಿಂಗಳು ಉಳಿದಿತ್ತು. ನಾನು 'ಸಸ್ಯ ರೋಗಗಳು' ಅನ್ನುವ ಪಾಠಕ್ಕೆ ನಮ್ಮ ತೋಟದಿಂದ ತುಕ್ಕು ಹಿಡಿದ ಕಾಫಿ ಎಲೆಯೊಂದನ್ನು ಪುಸ್ತಕದ ನಡುವೆ ಇಟ್ಟುಕೊಂಡು ಬಂದೆ. ತುಕ್ಕು ರೋಗ ಅಂದರೆ ಕಾಫಿ ಸೀಮೆಯವರಿಗೆ ಹೇಳಬೇಕಾಗಿಲ್ಲ. ಎಲೆಯ ಅಡಿಗೆ ಕಿತ್ತಳೆ ಬಣ್ಣದ ಪುಡಿ, ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ತೋಟದವರ ಮನೆಯ ಕೂಸೂ ಅದನ್ನು ಅಂಗಳದ ಆಚೆಯಿಂದ ಗುರುತು ಹಿಡಿಯುತ್ತದೆ. ನಾನು ಎಲೆಯನ್ನು ಬೋರಲಾಗಿ ಅಕ್ಕನ ಮುಂದಿಟ್ಟು "ಇದನ್ನ ಹ್ಯಾಗೆ ಬರೆಯೋದು?" ಅಂದೆ.

ಅವಳು ಎತ್ತಿಕೊಂಡಳು. ಹತ್ತಿರ ಹಿಡಿದಳು, ದೂರ ಹಿಡಿದಳು.

"ಇದ್ರಲ್ಲೆಂತ ಕಷ್ಟ? ಒಳ್ಳೇ ಬಲಿತ ಎಲೆ. ಅಡಿಭಾಗ ಅಲ್ವಾ, ಮಿಂಚು ಬ್ಯಾಡ. ಒಂದೇ ಹಸಿರು ಸಾಕು."

ಅವಳ ಹೆಬ್ಬೆರಳಿಗೆ ಆಗಲೇ ಕಿತ್ತಳೆ ಪುಡಿ ಮೆತ್ತಿಕೊಂಡಿತ್ತು.

"ಅಕ್ಕ, ತುಕ್ಕು... ತುಕ್ಕು ಕಾಣ್ತಿಲ್ವಾ ನಿಂಗೆ?" ಅಂದೆ. ಅವಳು ತನ್ನ ಹೆಬ್ಬೆರಳನ್ನೇ ನೋಡಿಕೊಂಡಳು. ಮೂಸಿದಳು. ಆಮೇಲೆ ಎಲೆಯನ್ನು ಮೆಲ್ಲಗೆ ಕೆಳಗಿಟ್ಟು, ಅಂಗಡಿಯ ಬಾಗಿಲನ್ನು ಅರ್ಧ ಮುಂದೆ ಮಾಡಿ ಬಂದು ಕೂತಳು.

ಅವತ್ತು ಎಲ್ಲ ಹೇಳಿದಳು. ಹಲ್ಲು ನೋವಲ್ಲ, ಕ್ಷಯ. ಹಾಸನದ ಡಾಕ್ಟರು ತಿಂಗಳುಗಟ್ಟಲೆ ನುಂಗಲು ಮಾತ್ರೆ ಕೊಟ್ಟಿದ್ದರು. "ಅದ್ರಲ್ಲಿ ಒಂದು ಮಾತ್ರೆ ಕೆಲವ್ರ ಕಣ್ಣಿಗೆ ಆಗಲ್ವಂತೆ. ಕೆಂಪು, ಹಸಿರು ಗೊತ್ತಾಗದೆ ಇದ್ರೆ ಅವತ್ತೇ ಬಂದುಬಿಡು ಅಂದಿದ್ರು. ದಿನಾ ಒಂದೊಂದೇ ಕಣ್ಣು ಮುಚ್ಕೊಂಡು ನೋಡ್ಕೋ ಅಂದಿದ್ರು. ಅದಕ್ಕೇ ಕಣೇ ದಿನಾ ನಿನ್ನ ಕೂರಿಸ್ಕೊಳ್ತಿದ್ದದ್ದು. ನನ್ನ ಕಣ್ಣು ನಂಗೆ ಸುಳ್ಳು ಹೇಳಬೌದು, ನಿನ್ನ ಕಣ್ಣು ಹೇಳಲ್ಲ."

ನಾನು ಇಷ್ಟು ದಿನ ಕಲಿತದ್ದು ಚಿತ್ರಕಲೆ ಅಂದುಕೊಂಡಿದ್ದೆ. ಅವಳು ನನ್ನನ್ನು ಪಕ್ಕದಲ್ಲಿಟ್ಟುಕೊಂಡು ತನ್ನ ಕಣ್ಣು ಹೋಗುವುದನ್ನು ಅಳೆಯುತ್ತಿದ್ದಳು.

"ಮತ್ತೆ ಹೋಗಿ ಸಾಯಬಾರದಾ ಹಾಸನಕ್ಕೆ!" ಅಂತ ಕೂಗಿಬಿಟ್ಟೆ. ಅವಳು ನನ್ನ ಬಾಯಿ ಮುಚ್ಚಿದಳು. ಹೇಗೆ ಹೋಗುವುದು? ಎದೆ ಡಾಕ್ಟರ ಬಾಗಿಲಲ್ಲಿ ಕೂತರೆ ಆಲ್ದೂರಿನವರೋ ಕಳಸದವರೋ ಯಾರಾದರೂ ಒಬ್ಬರು ಕಂಡೇ ಕಾಣುತ್ತಾರೆ. ಅಣ್ಣ ಅದಕ್ಕೇ ಅವಳನ್ನು ಕರೆದುಕೊಂಡೇ ಹೋಗುತ್ತಿರಲಿಲ್ಲ. ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಮಾತ್ರೆ ತರುತ್ತಿದ್ದ. ಕಣ್ಣಿನ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ಮಾತ್ರೆಯನ್ನಾದರೂ ಬಿಡು ಅಂದೆ. "ಬಿಟ್ರೆ ಕೆಮ್ಮು ತಿರುಗಿ ಬರ್ತದೆ. ಧಾರೆ ಮಂಟಪದಲ್ಲಿ ಕೂತು ಕೆಮ್ಮಕ್ಕಾಗ್ತದಾ? ಒಂದು ತಿಂಗಳು ಕಣೇ. ತಾಳಿ ಬೀಳ್ಲಿ, ಮಾರನೇ ದಿನ ನಾನೇ ಅವ್ರಿಗೆ ಹೇಳ್ತೀನಿ. ಬಣ್ಣ ಒಂದು ಹೋದ್ರೆ ಹೋಗ್ಲಿ, ಅನ್ನ ಬೆಂದಿದೆಯಾ ಅಂತ ನೋಡೋಕೆ ಬಣ್ಣ ಬೇಕಾ?" ನನ್ನ ಕೈ ಎಳೆದು ತನ್ನ ತಲೆ ಮೇಲೆ ಇಟ್ಟುಕೊಂಡಳು. "ನನ್ನಾಣೆ, ಯಾರಿಗೂ ಹೇಳ್ಬೇಡ."

ನಾನು ಹೇಳಿದೆ. ಅದೇ ಸಂಜೆ ಮನೆಗೆ ಹೋದವಳೇ ಅಪ್ಪನಿಗೆ ಹೇಳಿದೆ. ತಪ್ಪು ಮಾಡಿದೆ ಅಂತ ನನಗೆ ಅವತ್ತೂ ಅನ್ನಿಸಲಿಲ್ಲ, ಇವತ್ತೂ ಅನ್ನಿಸುವುದಿಲ್ಲ. ಆಣೆ ಮುರಿದರೆ ತಲೆ ಒಡೆಯುತ್ತದೆ ಅನ್ನುತ್ತಾರೆ, ಆಣೆ ಇಟ್ಟುಕೊಂಡು ಕೂತಿದ್ದರೆ ಕಣ್ಣು ಒಡೆಯುತ್ತಿತ್ತಲ್ಲ! ಯಾರಾದರೂ ಎದುರು ನಿಂತು ಕೇಳಲಿ, ಹೀಗೇ ಹೇಳುತ್ತೇನೆ.

ಆದರೆ ಅಪ್ಪ... ಅಪ್ಪನಿಗೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮಿಷಿನ್ನಿನ ಸದ್ದಿನಲ್ಲಿ ದುಡಿದು ದುಡಿದು ಕಿವಿ ಮಂದವಾಗಿತ್ತು. ತನಗೇ ಕೇಳಿಸಬೇಕು ಅಂತ ಎಲ್ಲರ ಹತ್ತಿರವೂ ಕೂಗಿಯೇ ಮಾತಾಡುತ್ತಿದ್ದರು. ಮಾರನೇ ದಿನ ಬೆಳಿಗ್ಗೆ ನನ್ನ ಜೊತೆಗೇ ಬಸ್ಸು ಹತ್ತಿ ಆಲ್ದೂರಿಗೆ ಬಂದರು. ಅಂಗಡಿಯ ಹಿಂದಿನ ಮನೆಯ ಜಗಲಿಯಲ್ಲಿ ಯಾರೋ ಹಿರಿಯರು ಪಂಚೆ ಉಟ್ಟು ಕಾಫಿ ಕುಡಿಯುತ್ತಾ ಕೂತಿದ್ದರು. ಕಾಫಿ ವ್ಯಾಪಾರಕ್ಕೆ ಬಂದವರಿರಬೇಕು ಅಂತ ಅಪ್ಪ ಕೈಮುಗಿದರು. ಅವರ ಎದುರು ಬೇಡ ಅಂತ ಅಕ್ಕನ ಅಣ್ಣನನ್ನು ಸೌದೆ ಕೊಟ್ಟಿಗೆಯ ಕಡೆ ಕರೆದುಕೊಂಡು ಹೋದರು. ಗುಟ್ಟಾಗಿ ಹೇಳಬೇಕು ಅಂತಲೇ ಹೋದದ್ದು.

"ನೋಡು ಮಾರಾಯ, ಯಾರಿಗೂ ಗೊತ್ತಾಗೋದು ಬ್ಯಾಡ. ಕ್ಷಯದ ಮಾತ್ರೆ ನುಂಗಿ ನುಂಗಿ ನಿನ್ನ ತಂಗಿ ಕಣ್ಣು ಹೋಗ್ತಾ ಅದೆಯಂತೆ. ಮದುವೆ ಆಮೇಲೆ ನೋಡ್ವ, ಮೊದ್ಲು ಹಾಸನಕ್ಕೆ ಕರ್ಕೊಂಡು ಹೋಗು!"

ಬಸ್ ಸ್ಟ್ಯಾಂಡಿನಲ್ಲಿ ನಿಂತವರೂ ತಿರುಗಿ ನೋಡಿದರು. ಜಗಲಿಯಲ್ಲಿದ್ದ ಹಿರಿಯರು ಅರ್ಧ ಕುಡಿದ ಲೋಟವನ್ನು ಕೆಳಗಿಟ್ಟರು. ಅವರು ಗಂಡಿನ ಚಿಕ್ಕಪ್ಪ, ಅಡುಗೆಯವರ ವಿಷಯ ಮಾತಾಡಲು ಕಳಸದಿಂದ ಬಂದಿದ್ದರು. ಚಪ್ಪಲಿ ಮೆಟ್ಟಿಕೊಂಡು ನಡೆದರು. ಬಾಗಿಲಲ್ಲಿ ನಿಂತಿದ್ದ ಅಕ್ಕ ಅವರು ಹೋಗುವುದನ್ನು ನೋಡಿದಳು. ನನ್ನ ಕಡೆ ಮಾತ್ರ ನೋಡಲೇ ಇಲ್ಲ.

ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲವಾದ್ದರಿಂದ ಅವತ್ತು ಮಧ್ಯಾಹ್ನವೇ ಅಣ್ಣ ಅವಳನ್ನು ಹಾಸನಕ್ಕೆ ಕರೆದುಕೊಂಡು ಹೋದ. ಡಾಕ್ಟರು ಬಾಯಿಗೆ ಬಂದ ಹಾಗೆ ಬೈದು, ಆ ಒಂದು ಮಾತ್ರೆಯನ್ನು ನಿಲ್ಲಿಸಿ ಬೇರೆ ಕೊಟ್ಟರಂತೆ. ಎದೆ ಪೂರ್ತಿ ಗುಣವಾಯಿತು. ಕಣ್ಣು ಅರ್ಧಕ್ಕೇ ನಿಂತಿತು. ಸುತ್ತಲಿನದೆಲ್ಲ ಕಾಣುತ್ತಿತ್ತು, ನೇರ ಎದುರಿನದು ಮಾತ್ರ ಮಂಜು ಕವಿದ ಹಾಗೆ. ಅಂಗಡಿ ಕೊಟ್ಟುಬಿಟ್ಟರು. ಅಕ್ಕ ಮೂಡಿಗೆರೆ ಕಡೆ ಮದುವೆಯಾಗಿ ಹೋಗಿದ್ದ ತನ್ನ ತಂಗಿಯ ಮನೆ ಸೇರಿದಳು. ಹೋಗುವ ಮೊದಲು ನಾನು ಮಾತಾಡಿಸಲು ಹೋದರೆ ಅತ್ತಿಗೆ ಹೊರಗೆ ಬಂದು "ಮಲಗಿದ್ದಾಳೆ" ಅಂದಳು. ಒಳಗೆ ಬಳೆ ಸದ್ದಾಗುತ್ತಿತ್ತು.

ಮತ್ತೆ ಅವಳನ್ನು ಕಂಡದ್ದು ವರ್ಷಗಳ ಮೇಲೆ, ನನಗೆ ಕೆಲಸ ಸಿಕ್ಕಿ ಮದುವೆಯೂ ಆದ ಮೇಲೆ. ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ಕಂಬಕ್ಕೆ ಒರಗಿ ನಿಂತಿದ್ದಳು. ನಾನು "ಅಕ್ಕಾ" ಅಂದೆ. ದನಿಯಲ್ಲೇ ಗುರುತು ಹಿಡಿದಳು. ಮುಖವನ್ನು ಸ್ವಲ್ಪ ಆಚೆ ತಿರುಗಿಸಿ, ಓರೆಯಿಂದ ನನ್ನನ್ನು ನೋಡಿದಳು. ನೇರ ನೋಡಿದರೆ ನಾನು ಕಾಣುತ್ತಿರಲಿಲ್ಲವಲ್ಲ. ದಪ್ಪ ಆಗಿದ್ದೀಯಾ, ಮಕ್ಕಳೆಷ್ಟು, ಯಾವ ಶಾಲೆ, ಎಲ್ಲ ಕೇಳಿದಳು. ಬಸ್ಸು ಬಂತು. ಹತ್ತಲು ಹೊರಟವಳು ನಿಂತಳು.

"ಒಂದು ತಿಂಗಳು ಮುಂಚೆ ಹೇಳಿದ್ರೆ ಕಣ್ಣು ಉಳೀತಿತ್ತು ಕಣೇ. ಒಂದು ತಿಂಗಳು ಬಿಟ್ಟು ಹೇಳಿದ್ರೆ ಮದುವೆ ಆಗ್ತಿತ್ತು."

ಕೋಪವಿರಲಿಲ್ಲ ದನಿಯಲ್ಲಿ. ಬಸ್ಸಿನ ಹೊತ್ತು ಹೇಳಿದ ಹಾಗೆ ಹೇಳಿ ಹತ್ತಿ ಹೋದಳು. ನಾನು ಅಲ್ಲೇ ನಿಂತು ಅತ್ತೆ. ಜನ ನೋಡುತ್ತಿದ್ದರು, ನೋಡಿಕೊಳ್ಳಲಿ ಅಂತ ಅತ್ತೆ.

ಹೋದ ವರ್ಷ ಅಕ್ಕ ತೀರಿಕೊಂಡಳು. ಸುದ್ದಿ ತಿಳಿದದ್ದೇ ತಡವಾಗಿ, ತಿಥಿಯೆಲ್ಲ ಕಳೆದಿತ್ತು. ಆದರೂ ಅವಳ ತಂಗಿಯ ಮನೆಗೆ ಹೋದೆ. ತಂಗಿ ಕಾಫಿ ಕೊಟ್ಟಳು. ಅವಳಿಗೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ. ಮಾತಿನ ನಡುವೆ, ನನಗೆ ಮೊದಲೇ ಗೊತ್ತಿದೆ ಅಂದುಕೊಂಡು, ಒಂದು ವಿಷಯ ಹೇಳಿದಳು. ಅಕ್ಕ ಆ ಮನೆಗೆ ಬಂದ ಹೊಸದರಲ್ಲಿ ಕಳಸದ ಆ ಮನುಷ್ಯ ಹುಡುಕಿಕೊಂಡು ಬಂದಿದ್ದನಂತೆ. ಚಿಕ್ಕಪ್ಪನಿಗೂ ಹೇಳದೆ, ಒಬ್ಬನೇ.

"ಜಗಲೀಲಿ ಕೂತು ಹೇಳಿದ್ರು. ನಮ್ಮಮ್ಮನಿಗೂ ಇದೇ ಕಾಯಿಲೆ ಆಗಿತ್ತು, ಇದೇ ಮಾತ್ರೆ ನುಂಗಿ ಗುಣ ಆದ್ರು, ಅವ್ರಿಗೂ ಕಣ್ಣು ಮಂಜಾಗಿತ್ತು, ತಕ್ಷಣ ಡಾಕ್ಟ್ರ ಹತ್ರ ಹೋಗಿ ಆ ಮಾತ್ರೆ ಬಿಡಿಸಿದ್ವಿ, ಈಗ ಸೂಜಿಗೆ ದಾರ ಪೋಣಿಸ್ತಾರೆ ಅಂತ. ನಿಮ್ಮ ಕಡೆಯವ್ರಿಗೆ ಗೊತ್ತಾದ್ರೆ ಹೆಣ್ಣು ಕೊಡಲ್ಲ ಅಂತ ನಾವೂ ಬಾಯಿ ಬಿಡ್ಲಿಲ್ಲ, ಚಿಕ್ಕಪ್ಪನಿಗೂ ಹೇಳಿರ್ಲಿಲ್ಲ ಅಂತ."

"ಅಕ್ಕ ಎಂತ ಅಂದ್ಲು?" ಅಂತ ಕೇಳಿದೆ.

"ಅವ್ರ ಮುಖ ನೋಡ್ಬೇಕು ಅಂತ ಆ ಕಡೆ ಈ ಕಡೆ ತಲೆ ತಿರುಗಿಸಿ ಬಾಳ ಹೊತ್ತು ನೋಡಿದ್ಲು. ಆಮೇಲೆ ಸಾಕು, ಹೊರಡಿ ಅಂದ್ಲು."

ಬಸ್ ಸ್ಟ್ಯಾಂಡಿನಲ್ಲಿ ನನಗೆ ಆ ಮಾತು ಹೇಳಿದಾಗ ಅವಳಿಗೆ ಇದೆಲ್ಲ ಗೊತ್ತಿತ್ತು. ಎರಡು ಮನೆಯವರು ಒಂದೇ ಕಾಯಿಲೆಯನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡು ಕೂತಿದ್ದರು. ಯಾವುದಾದರೂ ಒಂದು ಮನೆಯವರು ಮೊದಲೇ ಬಾಯಿ ಬಿಟ್ಟಿದ್ದರೆ ಕಣ್ಣೂ ಉಳಿಯುತ್ತಿತ್ತು, ಮದುವೆಯೂ ಆಗುತ್ತಿತ್ತು. ಅದನ್ನು ಮಾತ್ರ ಅವಳು ನನಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅಂತ ಕೇಳೋಣವೆಂದರೆ ಈಗ ಅವಳಿಲ್ಲ.